ಎರವಲು ಮೂಗು

ಅವರು ತೀರಿಕೊಂಡ ಮೇಲೆ ಕನ್ನಡ ಸಂಘದವರು ಸಂಚಿಕೆಗೆ ನಾಲ್ಕು ಮಾತು ಬರೆದುಕೊಡಿ ಎಂದರು. ಬರೆದುಕೊಟ್ಟೆ. ಸರಳ ಸಜ್ಜನರು, ಮಿತಭಾಷಿ, ಸಂಘದ ಕಟ್ಟಡಕ್ಕೆ ಕೈಯೆತ್ತಿ ಕೊಟ್ಟವರು ಎಂದೆಲ್ಲ. ಇದರಲ್ಲಿ ಕಟ್ಟಡಕ್ಕೆ ಕೊಟ್ಟದ್ದು ನಿಜ. ಸರಳರು ಅಲ್ಲ, ಮಿತಭಾಷಿಯಂತೂ ಅಲ್ಲವೇ ಅಲ್ಲ. ಬರೆಯುವ ಮೊದಲೇ ಅವರ ಮಗ ಪ್ರದೀಪ ಫೋನ್ ಮಾಡಿದ್ದ. "ಟೀಚರ್, ಆ ಏಲ್ ಬಿಯರಿನ ವಿಷಯ ಮಾತ್ರ ಸಂಚಿಕೆಯಲ್ಲಿ ಬರೀಬೇಡಿ ಪ್ಲೀಸ್. ಸಂಘದ ಅಧ್ಯಕ್ಷರು ಓದ್ತಾರೆ" ಎಂದ. ಆಗಲಪ್ಪ ಎಂದೆ. ಆದರೆ ಏಲನ್ನು ಬಿಟ್ಟು ಬರೆಯಲು ಕೂತಾಗ ಅವರೇ ಕೈಗೆ ಸಿಗಲಿಲ್ಲ. ಇದು ಸಂಚಿಕೆಯಲ್ಲವಾದ್ದರಿಂದ ಇಲ್ಲಿ ಬರೆಯುತ್ತೇನೆ. ಮರ್ಯಾದೆಗಾಗಿ ಅವರ ಹೆಸರನ್ನು ಬಿಟ್ಟಿದ್ದೇನೆ. ಪ್ರದೀಪನ ಹೆಸರೂ ಪ್ರದೀಪ ಅಲ್ಲ.

ಅವರು ನಮ್ಮ ಎದುರು ಮನೆಯವರು. ಠಾಣೆಯ ವರ್ತಕ ನಗರದಲ್ಲಿ, ಲಿಫ್ಟು ಮನಸ್ಸು ಬಂದಾಗ ಮಾತ್ರ ಕೆಲಸ ಮಾಡುವ ಕಟ್ಟಡದಲ್ಲಿ, ಅವರ ಬಾಗಿಲು ಆ ಕಡೆ, ನನ್ನದು ಈ ಕಡೆ. ಅವರು ಉಡುಪಿ ಕಡೆಯವರು, ಮನೆಮಾತು ತುಳು. ನಾನು ಧಾರವಾಡದವಳು, ಇಲ್ಲಿಯ ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತಳಾದವಳು. ನಮ್ಮಿಬ್ಬರದೂ ಕನ್ನಡವೇ ಎಂದು ಕಟ್ಟಡದವರು ತಿಳಿದಿದ್ದರು. ಅವರು "ಉಂಟು" ಎಂದರೆ ನಾನು "ಅದ" ಎನ್ನುತ್ತಿದ್ದೆ. ಜಗಳ ಜೋರಾದಾಗ ಇಬ್ಬರೂ ಹಿಂದಿಗೆ ಇಳಿದು ರಾಜಿಯಾಗುತ್ತಿದ್ದೆವು. ಎಲ್ಲರಿಗೂ ಅವರು ಅಣ್ಣ, ನನಗೆ ಅಣ್ಣಾವ್ರು.

ಮೈಮೇಲೆ ಸದಾ ಬಿಳಿ ಬನಿಯನ್ನು, ಚೌಕಳಿ ಲುಂಗಿ. ಲುಂಗಿ ಮೊಣಕಾಲಿನ ಮೇಲೆ ಏರಿದ್ದರೆ ಸಿಟ್ಟಿನಲ್ಲಿದ್ದಾರೆ, ಪಾದದವರೆಗೆ ಇಳಿದಿದ್ದರೆ ಸಮಾಧಾನದಲ್ಲಿದ್ದಾರೆ ಎಂದು ಲೆಕ್ಕ. ಕಟ್ಟಡದ ವಾಚ್‌ಮನ್ ಕೂಡ ಲುಂಗಿ ನೋಡಿಕೊಂಡೇ ನಮಸ್ಕಾರ ಹೇಳುತ್ತಿದ್ದ.

ರಬಾಳೆಯಲ್ಲಿ, ಕಾರ್ಖಾನೆಗಳ ನಡುವೆ, ಅವರದೊಂದು ಉಡುಪಿ ಹೋಟೆಲು. ಮಾಲಿಕರೆಂದರೆ ದುಡ್ಡಿನ ಗಲ್ಲೆಯ ಮೇಲೆ ಕೂರುವುದು ರೂಢಿ. ಇವರು ಗಲ್ಲೆಯನ್ನು ಯಾರಿಗಾದರೂ ಬಿಟ್ಟಾರು, ಹಿಟ್ಟಿನ ಕೋಣೆಯನ್ನು ಬಿಡುತ್ತಿರಲಿಲ್ಲ. ಇಡ್ಲಿ ದೋಸೆಗೆ ಅರೆದಿಟ್ಟ ಹಿಟ್ಟು ಹುಳಿಯುವ ಕೋಣೆ ಅದು. ಅದಕ್ಕೆ ಬೀಗ, ಕೀ ಅವರ ಉಡಿದಾರದಲ್ಲಿ. ಬೆಳಗ್ಗೆ ಮೊಣಕೈವರೆಗೆ ಕೈ ತೊಳೆದು, ಪಾತ್ರೆಯ ಮುಚ್ಚಳ ತೆಗೆದು, ಕಣ್ಣು ಮುಚ್ಚಿ ಇಡೀ ಮುಖವನ್ನು ಒಳಗೆ ಹಾಕುತ್ತಿದ್ದರು. ಹಿಟ್ಟು ಹದಕ್ಕೆ ಬಂದಿದ್ದರೆ ತಲೆ ಎತ್ತಿ ತಮ್ಮ ಎಡಗಿವಿಯನ್ನು ತಾವೇ ಎಳೆದುಕೊಳ್ಳುತ್ತಿದ್ದರು. ಕಿವಿ ಎಳೆದರೆ ಕಾವಲಿ ಕಾಯಿಸಬಹುದು. ಎಳೆಯದಿದ್ದರೆ ಆ ಪಾತ್ರೆಯ ಹತ್ತಿರ ಯಾರೂ ಸುಳಿಯಬಾರದು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಮ್ಮೆ ನಮ್ಮ ಶಾಲೆಯ ಮಕ್ಕಳನ್ನು ಅಲ್ಲಿಗೆ ಕರೆದೊಯ್ದಿದ್ದಾಗ, ಅಡಿಗೆಯವರೆಲ್ಲ ಸಾಲಾಗಿ ನಿಂತು ಅವರ ಕಿವಿಯನ್ನೇ ನೋಡುತ್ತಿದ್ದರು.

"ಹಿಟ್ಟು ಸುಳ್ಳು ಹೇಳುದಿಲ್ಲ ಟೀಚರೇ. ಮನುಷ್ಯರ ವಿಷಯ ನಾನು ಮಾತಾಡುದಿಲ್ಲ" ಎನ್ನುವುದು ಅವರ ಮಾತು. ಹಾಗೆಂದು ಮನುಷ್ಯರ ವಿಷಯವನ್ನೇ ಗಂಟೆಗಟ್ಟಲೆ ಮಾತಾಡುತ್ತಿದ್ದರು.

ಒಮ್ಮೆ ಅವರಿಗೆ ಜ್ವರ ಬಂತು. ಜ್ವರ ಬಿಟ್ಟಿತು, ಹೋಗುವಾಗ ಮೂಗಿನ ವಾಸನೆಯನ್ನು ಹೊತ್ತುಕೊಂಡು ಹೋಯಿತು. ಇದು ನನಗೆ ತಿಳಿದದ್ದು ಹೀಗೆ. ನಮ್ಮ ಅಡಿಗೆಮನೆಯ ಕಟ್ಟೆಯ ಪಕ್ಕ ಕೂತು ಅವರು ರಾಜಕಾರಣಿಗಳನ್ನು ಬೈಯುತ್ತಿದ್ದರು. ನಾನು ಹಾಲು ಒಲೆಯ ಮೇಲಿಟ್ಟು ಹಾಲ್‌ಗೆ ಫೋನ್ ತೆಗೆದುಕೊಳ್ಳಲು ಹೋದೆ, ನನ್ನ ತಂಗಿಯ ಫೋನು, ಅಷ್ಟು ಬೇಗ ಮುಗಿಯುವುದಲ್ಲ. ಮರಳಿ ಬಂದಾಗ ಹಾಲು ಹೊತ್ತಿ, ಪಾತ್ರೆ ಕರ್ರಗಾಗಿ, ಅಡಿಗೆಮನೆಯ ತುಂಬ ಕಮಟು. ಅವರು ಅದರ ನಡುವೆಯೇ ಪ್ರಸನ್ನರಾಗಿ ಕೂತಿದ್ದರು.

"ಅಣ್ಣಾವ್ರ, ಹಾಲು ಹೊತ್ತಿ ಹೋಗ್ಯಾದಲ್ರಿ! ವಾಸನಿ ಬರಲಿಲ್ಲೇನ್ರಿ?"

ಅವರು ಒಲೆಯ ಕಡೆ ನೋಡಿದರು. ಲುಂಗಿಯ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದರು. "ಮೂಗು ಸತ್ತಿದೆ ಟೀಚರೇ. ಯಾರಿಗೂ ಗೊತ್ತಿಲ್ಲ. ನಿಮಗೆ ಮಾತ್ರ ಹೇಳಿದ್ದು" ಎಂದರು. ದೋಸೆ ಹಿಟ್ಟಿನ ಮೂಗು ಎಂದೇ ಆ ಮನುಷ್ಯನಿಗೆ ಹೆಸರಿತ್ತು.

ಮಾರನೆಯ ದಿನ ಅವರ ಹೆಂಡತಿ ಗಿರಿಜಕ್ಕ ಬಂದು ಬಾಗಿಲು ಮುಂದೆ ಮಾಡಿಕೊಂಡು ಪಿಸುಗುಟ್ಟಿದರು. "ಇವ್ರಿಗೆ ವಾಸನೆ ಬರುದಿಲ್ಲ ಟೀಚರೇ. ಮೊನ್ನೆ ಸೀದ ಬಂಗುಡೆ ಮೀನನ್ನು ಲಾಯ್ಕ ಆಗಿದೆ ಹೇಳಿ ತಿಂದ್ರು. ನನಗೆ ಗೊತ್ತುಂಟು ಹೇಳಿ ಅವ್ರಿಗೆ ಗೊತ್ತಿಲ್ಲ. ನಿಮಗೆ ಮಾತ್ರ ಹೇಳಿದ್ದು." ಆ ವಾರವೇ ಪ್ರದೀಪನೂ ಖಾರಘರದ ತನ್ನ ಮನೆಯಿಂದ ಬಂದವನು ಮೆಟ್ಟಿಲ ಮೇಲೆ ನನ್ನನ್ನು ತಡೆದು ಅದನ್ನೇ ಹೇಳಿದ, ಅದೂ ನನಗೆ ಮಾತ್ರ. ಮೂವರ ಒಂದೇ ಗುಟ್ಟನ್ನು ಮೂವರಿಂದಲೂ ಮುಚ್ಚಿಡುವ ಕೆಲಸ ನನ್ನ ಪಾಲಿಗೆ ಬಂತು. ಶಾಲೆಯಲ್ಲಿದ್ದಾಗ ಇಷ್ಟು ದುಡಿದಿರಲಿಲ್ಲ.

ಪ್ರದೀಪನಿಗೆ ತಿಳಿದದ್ದಕ್ಕೆ ಕಾರಣವಿತ್ತು. ಹುಳಿ ಮೀರಿದ ಹಿಟ್ಟಿನ ಮುಂದೆ ಒಂದು ದಿನ ಅಪ್ಪ ಕಿವಿ ಎಳೆದುಬಿಟ್ಟಿದ್ದರು. ಆ ದಿನ ರಬಾಳೆಯಲ್ಲಿ ದೋಸೆ ತಿಂದವರ ಮುಖ ಮಧ್ಯಾಹ್ನವಾದರೂ ನೆಟ್ಟಗಾಗಲಿಲ್ಲ. ಪ್ರದೀಪ ಒಳ್ಳೆಯ ಹುಡುಗ, ಅಪ್ಪನನ್ನು ನೋಯಿಸುವವನಲ್ಲ. "ಪಪ್ಪಾ, ವಯಸ್ಸಾಯ್ತಲ್ಲ, ಇನ್ನು ನೀವು ಆರಾಮ ಮಾಡಿ" ಎಂದು ಹಿಟ್ಟಿನ ಕೋಣೆಯ ಕೀ ಇಸಿದುಕೊಂಡ. ಅವರೂ ಮೂಗಿನ ಮಾತೆತ್ತಲಿಲ್ಲ, ಇವನೂ ಎತ್ತಲಿಲ್ಲ. ಅಂದಿನಿಂದ ಲುಂಗಿ ಮೇಲೂ ಏರಲಿಲ್ಲ, ಕೆಳಗೂ ಇಳಿಯಲಿಲ್ಲ. ನಡುವೆ ಎಲ್ಲೋ ನೇತಾಡುತ್ತಿತ್ತು. ಅದನ್ನು ನೋಡಲು ನಮಗೆಲ್ಲ ಕಷ್ಟವಾಗುತ್ತಿತ್ತು.

ಡಾಕ್ಟರರು ಲವಂಗ, ನಿಂಬೆ, ನೀಲಗಿರಿ ಎಣ್ಣೆ ಇವನ್ನು ದಿನಾ ಮೂಸಿ ಅಭ್ಯಾಸ ಮಾಡಿ, ನಿಧಾನಕ್ಕೆ ವಾಸನೆ ಮರಳಬಹುದು ಎಂದಿದ್ದರು. ಅವರು ಬಾಲ್ಕನಿಯಲ್ಲಿ ಕೂತು ಭಕ್ತಿಯಿಂದ ಮೂಸುತ್ತಿದ್ದರು. ಮೂಗು ತೆರೆಸುವ ಬೇರೆ ಉಪಾಯಗಳನ್ನು ಫೋನಿನಲ್ಲಿ ಹುಡುಕುತ್ತ ಹುಡುಕುತ್ತ ಒಬ್ಬ ಇಂಗ್ಲೆಂಡಿನವನ ವಿಡಿಯೋಕ್ಕೆ ಬಂದು ಬಿದ್ದರು. ದೊಡ್ಡ ಗಡ್ಡದ ಮನುಷ್ಯ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಏಲ್ ಎಂಬ ಬಿಯರನ್ನು ಹೇಗೆ ಮಾಡುತ್ತಿದ್ದರೋ ಹಾಗೆಯೇ ತನ್ನ ಅಡಿಗೆಮನೆಯಲ್ಲಿ ಮಾಡಿ ತೋರಿಸುತ್ತಿದ್ದ. ಕೊನೆಗೆ ಪಾತ್ರೆಯ ಮುಚ್ಚಳ ತೆಗೆದು, ಕಣ್ಣು ಮುಚ್ಚಿ, ಮುಖವನ್ನು ಒಳಗೆ ಹಾಕಿದ.

ಅಣ್ಣಾವ್ರು ಫೋನ್ ಹಿಡಿದು ನನ್ನ ಮನೆಗೆ ಓಡಿ ಬಂದರು. "ನೋಡಿ ಟೀಚರೇ, ನೋಡಿ! ನನ್ನ ಹಾಗೇ ಮುಖ ಹಾಕಿದ! ಅವನ ಕಣ್ಣಲ್ಲಿ ನೀರು ಬಂತು, ನೋಡಿ! ಅಷ್ಟು ವಾಸನೆ ಉಂಟು ಅದಕ್ಕೆ. ಸತ್ತ ಮೂಗು ಸಹ ಎದ್ದು ಕೂರ್ಬೇಕು!"

"ನೀವು ಕುಡಿಯೂದಿಲ್ಲಲ್ರಿ ಅಣ್ಣಾವ್ರ."

"ಕುಡಿಯುವವ ಯಾರು? ಮೂಸುದು!"

ಅವರು ಹನಿ ಮುಟ್ಟದವರು. ಊರಿನ ದೈವದ ಮುಂದೆ ಯಾವಾಗಲೋ ಹೇಳಿಕೊಂಡದ್ದಂತೆ. ಮುಂದಿನ ಭಾನುವಾರ ಮಗ ಬಂದಾಗ ಘೋಷಣೆಯಾಯಿತು. "ಹಿಟ್ಟು ಹುಳಿಸ್ಲಿಕ್ಕೆ ಬರುವವನಿಗೆ ಪ್ರಪಂಚದಲ್ಲಿ ಎಂತದನ್ನೂ ಹುಳಿಸ್ಲಿಕ್ಕೆ ಬರ್ತದೆ. ರಾಣಿಯ ಏಲ್ ಮಾಡಿ ತೋರಿಸ್ತೇನೆ. ಸರಿ ಬಂದರೆ ಕೋಣೆಯ ಕೀ ವಾಪಸ್ ಕೊಡ್ಬೇಕು."

"ಪಪ್ಪಾ, ಮನೆಯಲ್ಲಿ ಮಾಡ್ಲಿಕ್ಕೆ ಪರ್ಮಿಟ್ ಬೇಕಾಗ್ತದೆ."

"ಇದು ರಾಣಿಯ ಕಾಲದ್ದು. ಆಗ ನಿಮ್ಮ ಪರ್ಮಿಟ್ ಇರ್ಲಿಲ್ಲ."

ಪ್ರದೀಪ ನನ್ನ ಮುಖ ನೋಡಿದ. ಅಪ್ಪ ಬಹಳ ದಿನದ ಮೇಲೆ ಲುಂಗಿ ಮೇಲೆತ್ತಿ ಕಟ್ಟಿದ್ದರು. ಅದಕ್ಕೇ ಒಪ್ಪಿಕೊಂಡ ಎಂದು ನನ್ನ ಅಂದಾಜು.

ಏಲಿಗೆ ಮೊದಲು ಜವೆಗೋಧಿಯನ್ನು ಮೊಳಕೆ ಬರಿಸಬೇಕು. ಒಣಗಿಸಿ, ಹುರಿದು, ತರಿಯಾಗಿ ಬೀಸಿ, ಬಿಸಿನೀರಿನಲ್ಲಿ ನೆನೆಸಿ, ಸೋಸಿ, ಹಾಪ್ಸ್ ಎಂಬ ಕಹಿ ಹೂ ಹಾಕಿ ಕುದಿಸಬೇಕು. ಆರಿಸಿ ಯೀಸ್ಟು ಹಾಕಿದರೆ ಹುಳಿದು ಏಲ್ ಆಗುತ್ತದೆ. ಅಂಗಡಿಯಲ್ಲಿ ಸಿದ್ಧ ಮೊಳಕೆಯ ಜವೆ ಸಿಗುತ್ತದೆ ಎಂದೆ. "ಸಿದ್ಧ ಹಿಟ್ಟು ತಂದು ದೋಸೆ ಮಾಡುವವರ ಮಾತು ಇದು" ಎಂದು ಗದರಿದರು. ತಾವೇ ನೆನೆಹಾಕಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿದರು. ಎಳೆಯ ಬಿಳಿ ಮೊಳಕೆ, ನೋಡಲು ಚೆಂದ.

ಅಷ್ಟು ಚೆಂದದ ಮೊಳಕೆಕಾಳು ಅಡಿಗೆಮನೆಯಲ್ಲಿದ್ದರೆ ಠಾಣೆಯಲ್ಲಿ ಸಂಸಾರ ಮಾಡಿದ ಹೆಂಗಸು ಏನು ಮಾಡುತ್ತಾಳೆ? ಗಿರಿಜಕ್ಕ ಅದಕ್ಕೆ ಈರುಳ್ಳಿ, ಖಾರದ ಪುಡಿ, ಕೊಬ್ಬರಿ ಹಾಕಿ ಉಸಳ್ ಮಾಡಿದರು. ನನಗೂ ಒಂದು ಬಟ್ಟಲು ಬಂತು. ಎಷ್ಟು ಅಗಿದರೂ ಮುಗಿಯಲಿಲ್ಲ. ಅಣ್ಣಾವ್ರು ಪಾವ್ ಬ್ರೆಡ್ಡಿನ ಜೊತೆ ಎರಡು ಸಲ ಹಾಕಿಸಿಕೊಂಡು ತಿಂದು, ಕೈ ತೊಳೆದು, ಮೊಳಕೆ ನೋಡಲು ಹೋದರು. ಆಮೇಲೆ ಕೇಳಿಸಿದ ತುಳು ನನಗೆ ಅರ್ಥವಾಗಲಿಲ್ಲ, ಕೆಳಗಿನ ಮಾಳಿಗೆಯವರಿಗೂ ಕೇಳಿಸಿತು ಎಂಬುದು ಮಾತ್ರ ಗೊತ್ತು. "ರಾಣಿಗೆ ಬಡಿಸ್ಬೇಕಾದ್ದನ್ನು ನನಗೆ ಬಡಿಸಿದ್ಲು ಮಾರಾಯ್ರೆ" ಎಂದು ನನ್ನ ಹತ್ತಿರ ದೂರು ತಂದರು.

ಎರಡನೆಯ ಸಲದ ಮೊಳಕೆಗೆ ಅವರೇ ಕಾವಲು ಕೂತರು. ಅಷ್ಟರಲ್ಲಿ ಹಾಪ್ಸಿನ ಪೊಟ್ಟಣ ಕೊರಿಯರಿನಲ್ಲಿ ಬಂತು. ನನ್ನ ಎದುರೇ ಅದನ್ನು ಕತ್ತರಿಸಿ, ಕಣ್ಣು ಮುಚ್ಚಿ, ಮೂಗು ಹುದುಗಿಸಿ, ಎದೆ ತುಂಬ ಉಸಿರೆಳೆದುಕೊಂಡರು. ನಾನೂ ಉಸಿರು ಬಿಗಿಹಿಡಿದು ನಿಂತೆ. ಕಣ್ಣು ತೆರೆದರು.

"ಗಾಳಿ" ಎಂದರು. "ಬರೀ ಗಾಳಿ ಟೀಚರೇ."

ಪೊಟ್ಟಣವನ್ನು ನನ್ನ ಮುಂದೆ ಹಿಡಿದರು. "ನಿಮ್ಮ ಮೂಗು ಕೊಡಿ. ನನ್ನದು ಬರುವವರೆಗೆ ಎರವಲು. ವಾಸನೆ ಬಂದ ಹಾಗೆ ಬಂದ ಹಾಗೆ ಹೇಳಿ, ಉಳಿದದ್ದು ನಾನು ನೋಡ್ಕೊಳ್ತೇನೆ." ಹೀಗೆ ಈ ವಯಸ್ಸಿನಲ್ಲಿ ನನಗೆ ಮತ್ತೆ ನೌಕರಿ ಸಿಕ್ಕಿತು.

ಆದರೆ ಮೂಗಿಗೂ ಊರು ಇರುತ್ತದೆ ಎಂಬುದು ನಮಗಿಬ್ಬರಿಗೂ ಗೊತ್ತಿರಲಿಲ್ಲ. ದೊಡ್ಡ ಪಾತ್ರೆಯಲ್ಲಿ ಜವೆಯ ನೀರು ಕುದಿಯತೊಡಗಿದಾಗ ಅವರು ಸೌಟು ಹಿಡಿದು, ಹಬೆಯಲ್ಲಿ ನಿಂತು, ಪ್ರಶ್ನೆ ಕೇಳತೊಡಗಿದರು.

"ಹ್ಯಾಗೆ ಬರ್ತಾ ಉಂಟು?"

"ತೊಯ್ದ ಕಣಿಕಿ ಬಣವಿ ಬಂದಂಗ ಬರ್ಲಿಕತ್ತದ್ರಿ."

"ಎಂತ ಬಣವಿ? ನನಗೆ ಬಣವಿ ಗೊತ್ತಿಲ್ಲ. ಗಂಜಿಯ ಹಾಗೆ ಉಂಟಾ? ಕುಚ್ಚಲಕ್ಕಿ ಗಂಜಿ?"

"ಗಂಜಿ ಅಲ್ರಿ. ಜ್ವಾಳದ ಅಂಬಲಿ ಅನ್ರಿ. ಮ್ಯಾಲೆ ಹಸೀ ನಿಂಬಿ ಸಿಪ್ಪಿ ಒಗದಂಗ."

"ದೇವರೇ! ಉಡುಪಿಯ ಮೂಗು ಸಿಗದೆ ಧಾರವಾಡದ ಮೂಗು ಸಿಕ್ಕಿತು ನನಗೆ!"

"ಎರವಲು ತಗೊಂಡಿದ್ದಕ್ಕ ಇಷ್ಟು ದಿಮಾಕು ಬ್ಯಾಡ್ರಿ ಅಣ್ಣಾವ್ರ."

ಅಷ್ಟರಲ್ಲಿ ಬಾಗಿಲ ಗಂಟೆ ಸದ್ದಾಯಿತು. ಮೆಟ್ಟಿಲುಗಳ ತುಂಬ ವಾಸನೆ ಹಬ್ಬಿ ನಮ್ಮ ಕಟ್ಟಡದ ಸೊಸೈಟಿಯ ಸೆಕ್ರೆಟರಿ ಬಂದಿದ್ದರು. "ಅಣ್ಣಾ, ಕಾಯ್ ಶಿಜತಂಯ್?" ಏನು ಬೇಯುತ್ತಿದೆ ಎಂದು ಕೇಳಿದ್ದು. ಅಣ್ಣಾವ್ರು ಒಂದು ಕ್ಷಣವೂ ತಡಮಾಡದೆ, "ಬಾರ್ಲಿ ಪಾಣಿ! ಕಿಡ್ನಿ ಕೆ ಲಿಯೆ" ಎಂದರು. ಅದು ಸುಳ್ಳೇನೂ ಅಲ್ಲ, ಆಗಿನ್ನೂ ಅದು ಜವೆಯ ನೀರೇ. ಸೆಕ್ರೆಟರಿಗೆ ಕಿಡ್ನಿಯಲ್ಲಿ ಕಲ್ಲಿತ್ತು. ಕಣ್ಣು ಅರಳಿತು. ಒಂದು ಲೋಟ ಇಸಿದುಕೊಂಡು ಕುಡಿದು, ಮುಖ ಕಿವುಚಿ, ಇಷ್ಟು ಕಹಿಯಿದೆ ಎಂದ ಮೇಲೆ ಔಷಧವೇ ಸರಿ ಎಂದು ಮರಾಠಿಯಲ್ಲಿ ತೀರ್ಪು ಕೊಟ್ಟು, ನಾಳೆಗೂ ಒಂದು ಬಾಟಲಿ ಎತ್ತಿಡಲು ಹೇಳಿ ಹೋದರು. ದೂರು ಕೊಡಲು ಬಂದವರು ಗಿರಾಕಿಯಾದರು.

ಕುದಿಸಿದ್ದನ್ನು ಸ್ಟೀಲಿನ ಹಾಲಿನ ಕ್ಯಾನಿಗೆ ಸುರಿದು ಯೀಸ್ಟು ಹಾಕಬೇಕಿತ್ತು. ಪೂರ್ತಿ ಆರಲಿ ಎಂದು ವಿಡಿಯೋದ ಗಡ್ಡದವನು ಒತ್ತಿ ಒತ್ತಿ ಹೇಳಿದ್ದ. ನಾನೂ ಅದನ್ನು ಕನ್ನಡದಲ್ಲಿ ಒತ್ತಿ ಹೇಳಿದೆ. "ಹಿಟ್ಟಿಗೆ ಬೆಚ್ಚಗೆ ಇರ್ಬೇಕು. ಅವನ ದೇಶದಲ್ಲಿ ಚಳಿ, ಅವನಿಗೆ ಬಿಸಿಯ ಬೆಲೆ ಗೊತ್ತಿಲ್ಲ" ಎಂದು ಬಿಸಿ ಬಿಸಿ ಇರುವಾಗಲೇ ಹಾಕಿಬಿಟ್ಟರು. ಯೀಸ್ಟು ಬೆಂದುಹೋಯಿತು. ಹುಳಿ ಬಂದರೆ ನೊರೆ ಏಳಬೇಕು, ಗುಳುಗುಳು ಎನ್ನಬೇಕು. ಒಂದು ದಿನ ಕಳೆಯಿತು, ಮತ್ತೊಂದು ದಿನ ಕಳೆಯಿತು. ಕ್ಯಾನು ಮೌನವ್ರತ ಹಿಡಿದಿತ್ತು.

ಅವರು ಕ್ಯಾನಿನ ಪಕ್ಕದಲ್ಲೇ ಚಾಪೆ ಹಾಕಿಕೊಂಡರು. ಅದಕ್ಕೆ ಕಿವಿಯಿಟ್ಟು ಕೇಳುತ್ತಿದ್ದರು. ಊಟ ಅರ್ಧಕ್ಕೇ ಬಿಡುತ್ತಿದ್ದರು. "ನನ್ನ ಕೈಯಲ್ಲಿ ಇನ್ನು ಎಂತದೂ ಹುಳಿಯುದಿಲ್ಲ ಕಾಣ್ತದೆ" ಎಂದು ಒಮ್ಮೆ ಗೋಡೆಯ ಕಡೆ ಮುಖ ಮಾಡಿ ಹೇಳಿದರು. ಬಾಗಿಲಲ್ಲಿ ಗಿರಿಜಕ್ಕ ಸೆರಗು ಹಿಡಿದು ನಿಂತಿದ್ದರು.

ಮಾರನೆಯ ಬೆಳಗ್ಗೆ ಅವರ ಮನೆಯಿಂದ ಕೂಗು ಕೇಳಿ ಓಡಿದೆ. ಕ್ಯಾನಿನ ಮುಚ್ಚಳ ತಾನಾಗಿ ಎದ್ದಿತ್ತು. ನೊರೆ ಉಕ್ಕಿ ನೆಲದ ಮೇಲೆ ಹರಿದಿತ್ತು. ಅಣ್ಣಾವ್ರು ಅದರ ನಡುವೆ ನಿಂತು, ಲುಂಗಿಯನ್ನು ಎಷ್ಟು ಮೇಲಕ್ಕೆ ಕಟ್ಟಬಹುದೋ ಅಷ್ಟು ಮೇಲಕ್ಕೆ ಕಟ್ಟಿ, "ಎದ್ದಿತು! ರಾಣಿ ಎದ್ದಳು!" ಎಂದು ಕೂಗುತ್ತಿದ್ದರು. ಗಿರಿಜಕ್ಕ ನಮ್ಮ ಕಡೆ ನೋಡದೆ ನೆಲ ಒರೆಸುತ್ತಿದ್ದರು.

ನೊರೆ ಇಳಿದ ಮೇಲೆ ಹೊಸ ಚಿಂತೆ ಹತ್ತಿತು. ಆ ಕಾಲದ ಏಲು ಪೀಪಾಯಿಗಳಲ್ಲಿ ಹಡಗಿನ ಮೇಲೆ ಇಂಡಿಯಾಕ್ಕೆ ಬರುತ್ತಿತ್ತಂತೆ, ದಾರಿಯುದ್ದಕ್ಕೂ ಕುಲುಕಿ ಕುಲುಕಿ ಹದವಾಗುತ್ತಿತ್ತಂತೆ. ಹೀಗೆಂದು ಗಡ್ಡದವನು ಹೇಳಿದ್ದ. "ಆದರೆ ನಾವು ಮೊದ್ಲೇ ಇಂಡಿಯಾದಲ್ಲಿ ಇದ್ದೇವಲ್ಲ ಟೀಚರೇ. ಇನ್ನು ಕುಲುಕಿಸ್ಲಿಕ್ಕೆ ಎಲ್ಲಿಗೆ ಹೋಗುದು?" ಬಹಳ ಯೋಚಿಸಿ ಅವರೇ ಉತ್ತರವನ್ನೂ ಕಂಡುಕೊಂಡರು: ಠಾಣೆಯಿಂದ ಪನ್ವೆಲ್‌ಗೆ ಲೋಕಲ್ ರೈಲಿನಲ್ಲಿ ಹೋಗಿ ಬರುವುದು.

ಮಧ್ಯಾಹ್ನ ಗರ್ದಿ ಇಲ್ಲದ ಹೊತ್ತಿನಲ್ಲಿ, ಕ್ಯಾನಿನ ಬಾಯಿಗೆ ಬಟ್ಟೆ ಕಟ್ಟಿ, ಲಗೇಜ್ ಡಬ್ಬಿ ಹತ್ತಿದೆವು. ಮೂಗು ಎಂದ ಮೇಲೆ ನಾನೂ ಹೋಗಲೇಬೇಕಲ್ಲ. ಡಬ್ಬಿಯಲ್ಲಿ ಮೀನು ಮಾರುವ ಒಬ್ಬ ಹೆಂಗಸು ಬುಟ್ಟಿಗಳ ನಡುವೆ ಕೂತಿದ್ದಳು. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಅಣ್ಣಾವ್ರು ಬುಟ್ಟಿಯ ಪಕ್ಕದಲ್ಲೇ ಕೂತರು. ಗಾಡಿ ರಬಾಳೆಗೆ ಬಂದಾಗ ಹೋಟೆಲು ಇರುವ ಕಡೆ ಮುಖ ತಿರುಗಿಸಲಿಲ್ಲ. ಗಾಡಿ ಬಿಟ್ಟ ಮೇಲೆ ಬುಟ್ಟಿಯನ್ನೇ ನೋಡುತ್ತ ಮೆಲ್ಲಗೆ ಹೇಳಿದರು: "ಬಂಗುಡೆ ಉಂಟು ಇದರಲ್ಲಿ. ಕಣ್ಣಿಗೆ ಕಾಣ್ತದೆ. ಮೂಗಿಗೆ ನೀರಿನ ಬಾಲ್ದಿಯ ಹತ್ತಿರ ಕೂತ ಹಾಗೆ. ನಮ್ಮ ಊರೇ ಹೋದ ಹಾಗಾಯ್ತು ಟೀಚರೇ."

ನಾನು ಮೂಗಿನ ಮೇಲಿನ ಸೆರಗು ತೆಗೆದೆ. ಅವರ ಎದುರು ಮೂಗು ಮುಚ್ಚಿ ಕೂರುವುದು ತಪ್ಪು ಎನಿಸಿತು.

ಆ ಮೀನಿನ ಹೆಂಗಸು ಅಷ್ಟು ಹೊತ್ತೂ ನಮ್ಮ ಕ್ಯಾನನ್ನೇ ನೋಡುತ್ತಿದ್ದವಳು ಮೂಗು ಅರಳಿಸಿ ಕೇಳಿದಳು: "ಅಣ್ಣಾ, ಇಡ್ಲೀಚಂ ಪೀಠ ಆಹೆ ಕಾ?" ಇಡ್ಲಿ ಹಿಟ್ಟಾ ಎಂದು. ಅಣ್ಣಾವ್ರು ಹಿಗ್ಗಿ ಹೀರೆಕಾಯಿಯಾದರು. "ನೋಡಿದ್ರಾ? ಮುಖ ನೋಡಿಯೇ ಹೇಳ್ತಾಳೆ, ಇವ ಹೋಟ್ಲಿನವ ಹೇಳಿ!" ನಾನೂ ನಕ್ಕೆ. ಕ್ಯಾನಿನಿಂದ ಬರುತ್ತಿದ್ದ ಹುಳಿ ನನಗೂ ಎಲ್ಲೋ ಪರಿಚಯದ್ದು ಎನಿಸಿತ್ತು. ಏಲ್ ಎಂದರೆ ಹೀಗೇ ಇರುತ್ತದೇನೋ ಎಂದುಕೊಂಡೆ. ನಾನೂ ಅದನ್ನು ಹುಟ್ಟಾ ಮೂಸಿದವಳಲ್ಲ.

ಏಲು ಸರಿ ಬಂದಿದೆಯೋ ಇಲ್ಲವೋ ಎಂದು ನೋಡಲು ಭಾನುವಾರ ನಿಗದಿಯಾಯಿತು. ಹಿಂದಿನ ಸಂಜೆ ಪ್ರದೀಪ ನನಗೆ ಫೋನ್ ಮಾಡಿದ. "ಟೀಚರ್, ಅದು ಹ್ಯಾಗೇ ಇರ್ಲಿ, ಫಸ್ಟ್ ಕ್ಲಾಸ್ ಅಂತ ಹೇಳಿಬಿಡ್ತೇನೆ. ಕೀ ಕೊಡ್ತೇನೆ. ಹಿಟ್ಟನ್ನು ನಾನೇ ಹಿಂದಿನಿಂದ ನೋಡ್ಕೊಳ್ತೇನೆ. ಪಪ್ಪಾನನ್ನು ಹೀಗೆ ನೋಡ್ಲಿಕ್ಕೆ ಆಗುದಿಲ್ಲ. ನಿಮಗೆ ಮಾತ್ರ ಹೇಳಿದ್ದು." ಫೋನ್ ಇಟ್ಟದ್ದೇ ಗಿರಿಜಕ್ಕ ಬಂದರು. "ಚೆನ್ನಾಗಿದೆ ಹೇಳಿ ನೀವೂ ಹೇಳಿ ಟೀಚರೇ." ನಾನು ಮೊದಲೇ ಹಾಗೆ ನಿಶ್ಚಯಿಸಿದ್ದೆ.

ಬೆಳಗ್ಗೆ ಅವರ ಮನೆಯ ಹೊರಗಿನ ಕೋಣೆಯಲ್ಲಿ ಎಲ್ಲರೂ ಸೇರಿದೆವು. ಸೆಕ್ರೆಟರಿಯೂ ತಮ್ಮ ಔಷಧದ ಮುಂದಿನ ಕಂತಿಗೆ ಬಂದು ಕೂತಿದ್ದರು. ಅಣ್ಣಾವ್ರು ಇಸ್ತ್ರಿ ಅಂಗಿ ತೊಟ್ಟು, ಕಾಫಿಯ ಸ್ಟೀಲ್ ಲೋಟಗಳಲ್ಲಿ ಏಲನ್ನು ಹನಿ ಚೆಲ್ಲದಂತೆ ಬಗ್ಗಿಸಿದರು. ನೋಡಲು ಅದು ಮಳೆಗಾಲದ ಠಾಣೆ ಕೊಲ್ಲಿಯ ನೀರಿನ ಹಾಗೆ ಮಸಕಾಗಿತ್ತು. ಪ್ರದೀಪ ದೊಡ್ಡ ಗುಟುಕು ಎಳೆದ. ಅವನ ಒಂದು ಕಣ್ಣು ತಾನಾಗಿ ಮುಚ್ಚಿತು. ಅದನ್ನು ಕಷ್ಟಪಟ್ಟು ತೆರೆದು, "ಒಂದ್ ನಂಬರ್ ಪಪ್ಪಾ!" ಎಂದ.

"ಲಾಯ್ಕ ಆಗಿದೆ" ಎಂದರು ಗಿರಿಜಕ್ಕ, ಲೋಟವನ್ನು ತುಟಿಗೆ ಮುಟ್ಟಿಸದೆಯೇ.

ನಾನು ಮೂಸಿ ನೋಡಿ, "ಭಾಳ ಛಲೋ ವಾಸನಿ ಅದ್ರಿ ಅಣ್ಣಾವ್ರ" ಎಂದೆ.

"ಮಸ್ತ್!" ಎಂದರು ಸೆಕ್ರೆಟರಿ. ಅವರೊಬ್ಬರು ನಿಜವನ್ನೇ ಹೇಳಿದರೆಂದು ಕಾಣುತ್ತದೆ, ಲೋಟ ಖಾಲಿಯಾಗಿತ್ತು.

ಪ್ರದೀಪ ಜೇಬಿಗೆ ಕೈ ಹಾಕಿದ. ಕೀ ಹೊರಗೆ ಬರುವುದರಲ್ಲಿತ್ತು.

"ತಡಿ" ಎಂದರು ಅಣ್ಣಾವ್ರು. "ನಾನು ನೋಡ್ಲಿಲ್ಲ." ಒಳಗೆ ಹೋಗಿ ಮೊಣಕೈವರೆಗೆ ಕೈ ತೊಳೆದು ಬಂದರು. ಕ್ಯಾನಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಮುಚ್ಚಳ ತೆಗೆದು, ಕಣ್ಣು ಮುಚ್ಚಿ ಮುಖವನ್ನು ಒಳಗೆ ಹಾಕಿದರು. ಅದೊಂದು ಅಭ್ಯಾಸ ಅಷ್ಟೇ, 'ಗಾಳಿ' ಎನ್ನುತ್ತಾರೆ ಎಂದು ನನಗೆ ಗೊತ್ತಿತ್ತು. ಅದನ್ನು ಕೇಳುವ ಧೈರ್ಯ ನನಗಿರಲಿಲ್ಲ, ಕಿಟಕಿಯ ಕಡೆ ನೋಡಿದೆ.

ಅವರು ತಲೆ ಎತ್ತಲಿಲ್ಲ. ಒಮ್ಮೆ ಉಸಿರೆಳೆದ ಸದ್ದು ಬಂತು. ಮತ್ತೊಮ್ಮೆ. ಮೂರನೆಯ ಸಲ ನಾಯಿ ಮೂಸಿದ ಹಾಗೆ ಚಿಕ್ಕ ಚಿಕ್ಕದಾಗಿ. ಕ್ಯಾನಿನ ಒಳಗಿಂದ ದನಿ ಕೇಳಿಸಿತು.

"ಉದ್ದು."

ಯಾರಿಗೂ ಅರ್ಥವಾಗಲಿಲ್ಲ. ಅವರು ಮುಖ ಹೊರಗೆ ತೆಗೆದರು. ಮೂಗಿನ ತುದಿಯಲ್ಲಿ ನೊರೆ ಇತ್ತು. "ಇದರಲ್ಲಿ ಉದ್ದು ಉಂಟು. ಯಾರು ಹಾಕಿದ್ದು?"

"ಉದ್ದು ಎಲ್ಲಿಂದ ಬರಬೇಕ್ರಿ, ಜವಿಗೋದಿ ಅಲ್ಲೇನ್ರಿ" ಎಂದೆ ನಾನು.

"ಸುಮ್ನಿರಿ ಟೀಚರೇ, ನಿಮ್ಮ ಮೂಗಿಗೆ ರಜೆ!" ಮತ್ತೆ ಮುಖ ಒಳಗೆ ಹೋಯಿತು. "ಉದ್ದು. ಮೆಂತೆ ಸಹ. ಇದು ಮನೆಯ ಹಿಟ್ಟಲ್ಲ, ನಮ್ಮ ಹೋಟ್ಲಿನ ದೋಸೆ ಹಿಟ್ಟು!"

ಗಿರಿಜಕ್ಕ ಬಾಯಿಯ ಮೇಲೆ ಸೆರಗು ಇಟ್ಟುಕೊಂಡರು. ಹೋಟೆಲಿನಿಂದ ಅವರ ಮನೆಗೆ ಹಿಟ್ಟಿನ ಡಬ್ಬಿ ಬರುವುದು ರೂಢಿ. "ನಾನೇ ಹಾಕಿದ್ದು. ಅದು ಏಳ್ಲೇ ಇಲ್ಲ, ನೀವು ಊಟ ಬಿಟ್ರಿ. ಹೊಸ ಹಿಟ್ಟಿಗೆ ಹಳೆ ಹಿಟ್ಟು ಒಂದು ಸೌಟು ಹಾಕಿದ್ರೆ ಏಳ್ತದೆ ಹೇಳಿ ನೀವೇ ಕಲಿಸಿದ್ದಲ್ವಾ..." ಎಂದು ಅಳತೊಡಗಿದರು.

"ಕೆಟ್ಟುಹೋಗಿದೆ!" ಎಂದರು ಅಣ್ಣಾವ್ರು. ನೆಲಕ್ಕೆ ಕೈ ಊರಿ ಎದ್ದರು. ಅವರ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಬಾಯಿ ಕಿವಿಯವರೆಗೆ ಹರಿದಿತ್ತು. "ಪೂರ್ತಿ ಕೆಟ್ಟುಹೋಗಿದೆ ಮಾರಾಯ್ರೆ! ಹಾಳಾಗಿ ಹೋಗಿದೆ! ಎಂತ ನಾತ, ಎಂತ ನಾತ! ಲಾಯ್ಕ ಅಂತೆ, ಛಲೋ ಅಂತೆ, ಒಂದ್ ನಂಬರ್ ಅಂತೆ! ಸುಳ್ಳು ಬುರುಕರು ನೀವೆಲ್ಲ!" ಒಬ್ಬೊಬ್ಬರ ಹತ್ತಿರ ಬಂದು ಕೆಟ್ಟುಹೋಗಿದೆ ಎಂದು ಸಂತೋಷದ ಸುದ್ದಿಯ ಹಾಗೆ ಹೇಳಿದರು. ಸೆಕ್ರೆಟರಿಯ ಕೈ ಹಿಡಿದು ಕುಲುಕಿ, "ಖರಾಬ್ ಹೋ ಗಯಾ!" ಎಂದರು. ಪಾಪ, ಅವರು ಖಾಲಿ ಲೋಟವನ್ನು ನೋಡಿ ಬೆವರತೊಡಗಿದರು.

ಕೊನೆಗೆ ಮಗನ ಮುಂದೆ ನಿಂತರು. "ಹಿಟ್ಟಿಗೆ ಮೆಂತೆ ಜಾಸ್ತಿ ಹಾಕ್ತಾ ಇದ್ದೀರಿ ನೀವು. ಯಾರು ನೋಡ್ಕೊಳ್ಳುದು ಈಗ ಕೋಣೆಯನ್ನು?"

"ನಾನೇ ಪಪ್ಪಾ" ಎಂದ ಪ್ರದೀಪ. ಜೇಬಿನಿಂದ ಕೀ ತೆಗೆದು ಅಪ್ಪನ ಅಂಗೈ ಮೇಲಿಟ್ಟ. ಸುಳ್ಳು ಹೇಳಿ ಕೊಡಬೇಕೆಂದಿದ್ದ ಕೀಯನ್ನು ನಿಜವಾಗಿಯೇ ಕೊಡುವ ಹಾಗಾಯಿತು.

ಅಣ್ಣಾವ್ರು ಆ ಕೀಯನ್ನು ಉಡಿದಾರಕ್ಕೆ ಕಟ್ಟಲಿಲ್ಲ. ಮೊದಲು ಮೂಗಿನ ಹತ್ತಿರ ಹಿಡಿದರು. ಉಸಿರೆಳೆದರು. ಎಡಗಿವಿಯನ್ನು ಹಿಡಿದು ಎಳೆದುಕೊಂಡರು.

ಆಮೇಲೆ ಅವರು ಗಾಳಿಯಲ್ಲಿ ತಲೆ ಎತ್ತಿ, ತೆರೆದ ಬಾಗಿಲ ಕಡೆ, ನನ್ನ ಮನೆಯ ಕಡೆ ಮುಖ ತಿರುಗಿಸಿದರು.

"ಟೀಚರೇ, ನಿಮ್ಮ ಹಾಲು ಹೊತ್ತುತ್ತಾ ಉಂಟು."

ಎದ್ದು ಓಡಿದೆ. ಬರುವಾಗ ಒಲೆ ಸಣ್ಣದು ಮಾಡಿ ಬಂದದ್ದು ನೆನಪೇ ಇರಲಿಲ್ಲ. ಹಾಲು ನಿಜವಾಗಿಯೂ ತಳ ಹಿಡಿದಿತ್ತು. ಅಷ್ಟು ದಿನ ಅವರ ಮೂಗಾಗಿದ್ದವಳಿಗೆ ಅದರ ಸುಳಿವೂ ಇರಲಿಲ್ಲ. ಆ ಕಡೆಯಿಂದ ಅವರ ನಗು ಕೇಳಿಸುತ್ತಿತ್ತು. ಹೊತ್ತಿದ ಹಾಲಿನ ಪಾತ್ರೆ ಹಿಡಿದುಕೊಂಡು ನಾನೂ ಅಡಿಗೆಮನೆಯಲ್ಲಿ ಒಬ್ಬಳೇ ನಕ್ಕೆ.

ಆಮೇಲೆ ಅವರು ಕೊನೆಯವರೆಗೂ ಹಿಟ್ಟಿನ ಕೋಣೆಗೆ ಹೋದರು. ನನ್ನ ಹಾಲನ್ನು ಬಾಗಿಲಾಚೆಯಿಂದಲೇ ಕಾಯ್ದರು, ಒಂದು ಸಲವೂ ಕೆಡಲು ಬಿಡಲಿಲ್ಲ. ಈಗ ಗಿರಿಜಕ್ಕ ಖಾರಘರದಲ್ಲಿ ಮಗನ ಮನೆಯಲ್ಲಿದ್ದಾರೆ, ಎದುರು ಬಾಗಿಲಿಗೆ ಬೀಗ. ಈ ಬರೆಹ ಬರೆಯುತ್ತ ಕೂತಿರುವಾಗ ಒಳಗೆ ಹಾಲು ಹೊತ್ತಿತು. ಯಾರೂ ಹೇಳಲಿಲ್ಲ.